ಎಳೆದ ಪೆಟ್ಟಿಗೆ ಹಿಂದಕ್ಕೆ ಹೋಯಿತೇ?

ಪ್ರಶ್ನೆ: ಭೌತಶಾಸ್ತ್ರ ಓದಲು ಈಗಷ್ಟೇ ಶುರು ಮಾಡಿದ್ದೇನೆ. ನ್ಯೂಟನ್‌ನ ನಿಯಮಗಳು ಅರ್ಥವಾದವು ಅಂದುಕೊಂಡಿದ್ದೆ. ಘರ್ಷಣೆ ಬಂದ ಕೂಡಲೇ ಎಲ್ಲ ಕಲಸಿಹೋಯಿತು. ಒಂದು ಲೆಕ್ಕ ಹೀಗಿದೆ. 10 ಕೆಜಿಯ ಪೆಟ್ಟಿಗೆ ನೆಲದ ಮೇಲಿದೆ. ಸ್ಥಿರ ಘರ್ಷಣಾಂಕ 0.5, ಚಲನ ಘರ್ಷಣಾಂಕ 0.4. 30 ನ್ಯೂಟನ್ ಬಲದಿಂದ ಅಡ್ಡಲಾಗಿ ಎಳೆದರೆ ವೇಗೋತ್ಕರ್ಷ ಎಷ್ಟು? ಘರ್ಷಣೆ 0.4 × 100 = 40 ಅಂತ ಲೆಕ್ಕ ಹಾಕಿ 30ರಿಂದ ಕಳೆದೆ. ಉತ್ತರ −1 ಬಂತು. ಪುಸ್ತಕದ ಹಿಂದೆ ಸೊನ್ನೆ ಅಂತಿದೆ. ಇಳಿಜಾರಿನ ಲೆಕ್ಕಗಳಲ್ಲಂತೂ ಘರ್ಷಣೆಯ ದಿಕ್ಕೂ ತಪ್ಪುತ್ತದೆ, ಸೈನ್ ಯಾವುದು ಕಾಸ್ ಯಾವುದು ಅನ್ನುವುದೂ ತಪ್ಪುತ್ತದೆ. ಇಂಥ ಲೆಕ್ಕಗಳನ್ನು ಎಲ್ಲಿಂದ ಹಿಡಿಯಬೇಕು? ಇನ್ನೊಂದು ಸಣ್ಣ ಅನುಮಾನ: ಘರ್ಷಣಾಂಕ 1ಕ್ಕಿಂತ ಜಾಸ್ತಿ ಇರಬಹುದಾ?

ಉತ್ತರ: ನಿಮ್ಮ −1 ಏನು ಹೇಳುತ್ತಿದೆ ಅಂತ ಒಮ್ಮೆ ನೋಡಿ. ನೀವು ಪೆಟ್ಟಿಗೆಯನ್ನು ಬಲಕ್ಕೆ ಎಳೆದಿರಿ, ಅದು ಎಡಕ್ಕೆ ಓಡಿತು! ಹಾಗಾಗುವುದಿದ್ದರೆ ಭಾರದ ಸಾಮಾನು ಸಾಗಿಸುವುದು ಎಷ್ಟು ಸುಲಭವಿತ್ತು ನೋಡಿ; ಬೇಡದ ದಿಕ್ಕಿಗೆ ಸ್ವಲ್ಪ ಎಳೆದರೆ ಸಾಕಿತ್ತು. ನಗಲಿಕ್ಕೆ ಹೇಳಿದ್ದಲ್ಲ. ಉತ್ತರ ಅಸಂಬದ್ಧ ಅಂತ ನಿಮಗೇ ಅನಿಸಿದ್ದರಿಂದಲೇ ಈ ಪ್ರಶ್ನೆ ಬಂದಿದೆ. ಎಷ್ಟೋ ಮಂದಿ ಮೈನಸ್ ಗುರುತನ್ನು ಮೆಲ್ಲಗೆ ಅಳಿಸಿ ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ.

ತಪ್ಪು ಗುಣಾಕಾರದಲ್ಲಿಲ್ಲ. ‘ಘರ್ಷಣೆ ಅಂದರೆ ಮ್ಯೂ ಗುಣಿಸು ನಾರ್ಮಲ್ ಬಲ’ ಅಂತ ಬಾಯಿಪಾಠ ಮಾಡಿದ್ದೀರಲ್ಲ, ಅಲ್ಲಿದೆ. (ಮ್ಯೂ ಅಂದರೆ ಘರ್ಷಣಾಂಕ; ನಾರ್ಮಲ್ ಬಲ ಅಂದರೆ ಮೇಲ್ಮೈ ತನಗೆ ಲಂಬವಾಗಿ ವಸ್ತುವನ್ನು ಒತ್ತುವ ಬಲ.) ಪೆಟ್ಟಿಗೆ ಜಾರುತ್ತಿರುವಾಗ ಮಾತ್ರ ಆ ಮಾತು ನಿಜ. ನಿಂತಿರುವಾಗ ಘರ್ಷಣೆ ಎಷ್ಟು ಅನ್ನುವುದಕ್ಕೆ ಯಾವ ಸೂತ್ರವೂ ಇಲ್ಲ. ಎಷ್ಟು ಬೇಕೋ ಅಷ್ಟು ಇರುತ್ತದೆ, ಅಷ್ಟೇ. ಎಷ್ಟು ಬೇಕು ಅನ್ನುವುದನ್ನು ಉಳಿದ ಬಲಗಳು ತೀರ್ಮಾನಿಸುತ್ತವೆ. ಸ್ಥಿರ ಘರ್ಷಣಾಂಕ ಕೊಡುವುದು ಒಂದು ಮಿತಿಯನ್ನು: ಇದಕ್ಕಿಂತ ಜಾಸ್ತಿ ಕೇಳಬೇಡಿ, ನನ್ನ ಕೈಲಿ ಆಗುವುದಿಲ್ಲ, ಅನ್ನುವ ಮಿತಿ.

ನಿಮ್ಮ ಪೆಟ್ಟಿಗೆಯನ್ನೇ ತೆಗೆದುಕೊಳ್ಳೋಣ. ಲೆಕ್ಕ ಸುಲಭವಾಗಲಿ ಅಂತ ನಿಮ್ಮ ಹಾಗೆಯೇ ಗುರುತ್ವ ವೇಗೋತ್ಕರ್ಷವನ್ನು 10 ಅಂತಲೇ ಇಟ್ಟುಕೊಳ್ಳುತ್ತೇನೆ. ತೂಕ 100 ನ್ಯೂಟನ್. ನೆಲ ಮೇಲಕ್ಕೆ ಒತ್ತುವ ನಾರ್ಮಲ್ ಬಲವೂ 100. ಸ್ಥಿರ ಘರ್ಷಣೆಯ ಮಿತಿ 0.5 × 100 = 50. ಮುಟ್ಟದೆ ಬಿಟ್ಟರೆ ಘರ್ಷಣೆ ಸೊನ್ನೆ. 10 ನ್ಯೂಟನ್‌ನಿಂದ ಎಳೆದರೆ ಘರ್ಷಣೆಯೂ 10. 30ಕ್ಕೆ 30. 49ಕ್ಕೆ 49. ಇಷ್ಟರವರೆಗೂ ವೇಗೋತ್ಕರ್ಷ ಸೊನ್ನೆ. 50 ದಾಟಿತೋ, ನೆಲದ ಹಿಡಿತ ತಪ್ಪುತ್ತದೆ, ಪೆಟ್ಟಿಗೆ ಜಾರಲು ಶುರುವಾಗುತ್ತದೆ. ಆಗ ಮಾತ್ರ ನಿಮ್ಮ 40 ಲೆಕ್ಕಕ್ಕೆ ಬರುತ್ತದೆ. 60 ನ್ಯೂಟನ್‌ನಿಂದ ಎಳೆದರೆ 60 − 40 = 20, ಅದನ್ನು 10 ಕೆಜಿಯಿಂದ ಭಾಗಿಸಿದರೆ 2 ಮೀ/ಸೆ².

ಈಗ ನಾನೊಂದು ಪ್ರಶ್ನೆ ಕೇಳುತ್ತೇನೆ. 45 ನ್ಯೂಟನ್‌ನಿಂದ ಎಳೆದರೆ? ‘ಮಿತಿಯೊಳಗೇ ಇದೆ, ಅಲುಗುವುದಿಲ್ಲ’ ಅನ್ನುತ್ತೀರಿ. ಸುಮ್ಮನೆ ಕೂತಿದ್ದ ಪೆಟ್ಟಿಗೆಯಾದರೆ ಸರಿ. ಆದರೆ ಅದು ಆಗಲೇ ಜಾರುತ್ತಿದ್ದರೆ? ಆಗ ಘರ್ಷಣೆ 40, ಉಳಿಯುವುದು 5, ವೇಗೋತ್ಕರ್ಷ 0.5 ಮೀ/ಸೆ². ಅದೇ ಪೆಟ್ಟಿಗೆ, ಅದೇ ನೆಲ, ಅದೇ ಬಲ, ಉತ್ತರ ಮಾತ್ರ ಎರಡು. ಹಾಗಾಗಿ ಲೆಕ್ಕ ಓದುವಾಗ ‘ನಿಶ್ಚಲವಾಗಿದ್ದ’, ‘ಚಲಿಸುತ್ತಿರುವ’ ಅನ್ನುವ ಪದಗಳ ಕೆಳಗೆ ಗೆರೆ ಎಳೆಯಿರಿ. ಸಂಖ್ಯೆಗಳಷ್ಟೇ ಬೆಲೆ ಅವಕ್ಕೂ ಇದೆ.

ಎಲ್ಲಿಂದ ಹಿಡಿಯಬೇಕು ಅಂತ ಕೇಳಿದಿರಲ್ಲ, ಹಿಡಿಯಬೇಕಾದ್ದು ಒಂದು ಊಹೆಯಿಂದ. ‘ಜಾರುವುದಿಲ್ಲ’ ಅಂತ ಮೊದಲು ಅಂದುಕೊಳ್ಳಿ. ಜಾರದೇ ಇರಲು ಎಷ್ಟು ಘರ್ಷಣೆ ಬೇಕು, ಯಾವ ದಿಕ್ಕಿಗೆ ಬೇಕು ಅಂತ ನ್ಯೂಟನ್‌ನ ನಿಯಮದಿಂದಲೇ ಕಂಡುಹಿಡಿಯಿರಿ. ಇಲ್ಲಿ ಘರ್ಷಣೆ ಒಂದು ಗೊತ್ತಿಲ್ಲದ ಸಂಖ್ಯೆ, ಮ್ಯೂ ಇನ್ನೂ ರಂಗಕ್ಕೆ ಬಂದಿಲ್ಲ. ಬೇಕಾದಷ್ಟು ಸಿಕ್ಕಿದ ಮೇಲೆ ಮಿತಿಯ ಜೊತೆ ಹೋಲಿಸಿ. ಮಿತಿಯೊಳಗಿದ್ದರೆ ಊಹೆ ಸರಿ, ಲೆಕ್ಕ ಮುಗಿಯಿತು. ಮೀರಿದ್ದರೆ ಊಹೆ ತಪ್ಪು. ಅದನ್ನು ಹೊಡೆದುಹಾಕಿ, ಜಾರುತ್ತದೆ ಅಂತಿಟ್ಟುಕೊಂಡು, ಚಲನ ಘರ್ಷಣಾಂಕ ಹಾಕಿ ಹೊಸದಾಗಿ ಬರೆಯಿರಿ. ಒಂದೇ ಲೆಕ್ಕವನ್ನು ಎರಡು ಸಲ ಮಾಡಬೇಕಾ ಅಂತ ಬೇಸರ ಬೇಡ. ಕೆಲವು ಲೆಕ್ಕಗಳ ಸ್ವಭಾವವೇ ಹಾಗೆ.

ಇನ್ನು ನಾರ್ಮಲ್ ಬಲ. ಅದನ್ನು ಕಣ್ಣುಮುಚ್ಚಿ ತೂಕಕ್ಕೆ ಸಮ ಅಂತ ಬರೆಯುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಅದೂ ಘರ್ಷಣೆಯ ಹಾಗೆ ಸಂದರ್ಭ ನೋಡಿ ಬದಲಾಗುವ ಬಲ. ಅದೇ 10 ಕೆಜಿ ಪೆಟ್ಟಿಗೆಗೆ ಹಗ್ಗ ಕಟ್ಟಿ, ನೆಲದಿಂದ 37 ಡಿಗ್ರಿ ಮೇಲಕ್ಕೆ, 50 ನ್ಯೂಟನ್‌ನಿಂದ ಎಳೆಯಿರಿ. 37 ಡಿಗ್ರಿಗೆ ಕಾಸ್ ಸುಮಾರು 0.8, ಸೈನ್ ಸುಮಾರು 0.6. ಅಡ್ಡಕ್ಕೆ 40, ಮೇಲಕ್ಕೆ 30. ಹಗ್ಗವೇ 30 ನ್ಯೂಟನ್ ಹೊರುತ್ತಿರುವುದರಿಂದ ನೆಲ ಹೊರಬೇಕಾದದ್ದು 70 ಮಾತ್ರ. ಘರ್ಷಣೆಯ ಮಿತಿ 35ಕ್ಕೆ ಇಳಿಯಿತು. ಬೇಕಾದದ್ದು 40. ಹಿಡಿತ ತಪ್ಪಿತು, ಪೆಟ್ಟಿಗೆ ಜಾರಿತು. ಚಲನ ಘರ್ಷಣೆ 0.4 × 70 = 28, ವೇಗೋತ್ಕರ್ಷ (40 − 28) ÷ 10 = 1.2 ಮೀ/ಸೆ².

ಈಗ ಅದೇ 50 ನ್ಯೂಟನ್‌ನಿಂದ, ಅದೇ ಕೋನದಲ್ಲಿ, ಹಿಂದಿನಿಂದ ಕೆಳಮುಖವಾಗಿ ತಳ್ಳಿ. ಅಡ್ಡಕ್ಕೆ ಸಿಗುವುದು ಆಗಿನಂತೆ 40. ಆದರೆ 30 ನ್ಯೂಟನ್ ಈಗ ಪೆಟ್ಟಿಗೆಯನ್ನು ನೆಲಕ್ಕೆ ಒತ್ತುತ್ತಿದೆ. ನಾರ್ಮಲ್ ಬಲ 130, ಮಿತಿ 65. ಪೆಟ್ಟಿಗೆ ಕದಲುವುದೇ ಇಲ್ಲ. ಆಗ ಘರ್ಷಣೆ ಎಷ್ಟು? 65 ಅಂದಿರೋ, ಮೊದಲಿನ ತಪ್ಪಿಗೇ ಮರಳಿದಿರಿ. 40.

ಗೋಡೆಗೆ ಪುಸ್ತಕ ಒತ್ತಿ ಹಿಡಿಯುವ ಲೆಕ್ಕವೂ ಇದೇ ಜಾತಿಯದು. 2 ಕೆಜಿ ಪುಸ್ತಕ, ಘರ್ಷಣಾಂಕ 0.5, ಕೈ ಒತ್ತುತ್ತಿರುವುದು 60 ನ್ಯೂಟನ್. ಇಲ್ಲಿ ನಾರ್ಮಲ್ ಬಲಕ್ಕೂ ತೂಕಕ್ಕೂ ಸಂಬಂಧವೇ ಇಲ್ಲ, ಅದು ಕೈಯ ಒತ್ತಡದಿಂದ ಬಂದದ್ದು. ಮಿತಿ 30. ಬೀಳದಿರಲು ಬೇಕಾದದ್ದು 20. ಘರ್ಷಣೆ 20, ಮೇಲ್ಮುಖವಾಗಿ. ಎರಡು ಪಟ್ಟು ಜೋರಾಗಿ ಒತ್ತಿದರೂ ಅದೇ 20. ಹೆಚ್ಚುವುದು ಮಿತಿ, ಘರ್ಷಣೆಯಲ್ಲ.

ದಿಕ್ಕಿನ ಗೊಂದಲಕ್ಕೆ ಬರೋಣ. ‘ಘರ್ಷಣೆ ಚಲನೆಯನ್ನು ವಿರೋಧಿಸುತ್ತದೆ’ ಅನ್ನುವ ವಾಕ್ಯವನ್ನು ನಾವೆಲ್ಲ ಓದಿದ್ದೇವೆ. ನನ್ನನ್ನು ಕೇಳಿದರೆ ಅದನ್ನು ಪುಸ್ತಕಗಳಿಂದ ತೆಗೆಯಬೇಕು. ನೀವು ನಡೆಯುವಾಗ ನಿಮ್ಮನ್ನು ಮುಂದಕ್ಕೆ ತಳ್ಳುವುದು ಯಾವುದು? ಪಾದ ನೆಲವನ್ನು ಹಿಂದಕ್ಕೆ ಒತ್ತುತ್ತದೆ, ನೆಲ ಘರ್ಷಣೆಯ ಮೂಲಕ ಪಾದವನ್ನು ಮುಂದಕ್ಕೆ ತಳ್ಳುತ್ತದೆ. ಎಣ್ಣೆ ಚೆಲ್ಲಿದ ನೆಲದ ಮೇಲೆ ಓಡಲು ಹೋದವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಘರ್ಷಣೆ ವಿರೋಧಿಸುವುದು ಎರಡು ಮೇಲ್ಮೈಗಳು ಒಂದರ ಮೇಲೊಂದು ಜಾರುವುದನ್ನು. ಆದ್ದರಿಂದ ದಿಕ್ಕು ಬೇಕಾದಾಗ ಹೀಗೆ ಕೇಳಿಕೊಳ್ಳಿ: ಈ ಕ್ಷಣ ಘರ್ಷಣೆ ಪೂರ್ತಿ ಮಾಯವಾದರೆ ಈ ವಸ್ತು ತನ್ನ ಕೆಳಗಿನ ಮೇಲ್ಮೈಗೆ ಹೋಲಿಸಿದರೆ ಯಾವ ಕಡೆ ಜಾರುತ್ತಿತ್ತು? ಘರ್ಷಣೆ ಅದರ ಎದುರು ದಿಕ್ಕಿಗೆ.

ಒಂದರ ಮೇಲೊಂದು ಇಟ್ಟ ಎರಡು ಪೆಟ್ಟಿಗೆಗಳ ಲೆಕ್ಕದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ನುಣುಪಾದ, ಘರ್ಷಣೆಯೇ ಇಲ್ಲದ ನೆಲದ ಮೇಲೆ 4 ಕೆಜಿ. ಅದರ ಮೇಲೆ 1 ಕೆಜಿ. ಇವೆರಡರ ನಡುವೆ ಸ್ಥಿರ ಘರ್ಷಣಾಂಕ 0.3, ಚಲನ ಘರ್ಷಣಾಂಕ 0.2. ಕೆಳಗಿನದನ್ನು 10 ನ್ಯೂಟನ್‌ನಿಂದ ಎಳೆಯುತ್ತೇವೆ. ಘರ್ಷಣೆ ಮಾಯವಾದರೆ ಕೆಳಗಿನದು ಮುಂದೆ ಹೋಗುತ್ತದೆ, ಮೇಲಿನದು ಅಲ್ಲೇ ಉಳಿಯುತ್ತದೆ. ಅಂದರೆ ಕೆಳಗಿನದರ ಲೆಕ್ಕದಲ್ಲಿ ಮೇಲಿನದು ಹಿಂದಕ್ಕೆ ಜಾರಿತು. ಹಾಗಾದರೆ ಮೇಲಿನದರ ಮೇಲೆ ಘರ್ಷಣೆ ಮುಂದಕ್ಕೆ. ಅದು ಮುಂದೆ ಸಾಗುತ್ತಿರುವುದೇ ಘರ್ಷಣೆಯಿಂದ, ಬೇರೆ ಯಾರೂ ಅದನ್ನು ಅಡ್ಡಕ್ಕೆ ಮುಟ್ಟಿಲ್ಲ.

ಜಾರುವುದಿಲ್ಲ ಅಂತ ಊಹಿಸಿ. ಎರಡೂ ಸೇರಿ 5 ಕೆಜಿ, ವೇಗೋತ್ಕರ್ಷ 2 ಮೀ/ಸೆ². ಮೇಲಿನ 1 ಕೆಜಿಗೆ ಅಷ್ಟು ವೇಗೋತ್ಕರ್ಷ ಕೊಡಲು ಬೇಕಾದ ಬಲ 2 ನ್ಯೂಟನ್. ಮಿತಿ 0.3 × 10 = 3. ಊಹೆ ನಿಂತಿತು, ಘರ್ಷಣೆ 2, 3 ಅಲ್ಲ. ಘರ್ಷಣೆಯ ಮಿತಿ 3 ಆದ್ದರಿಂದ ಮೇಲಿನದಕ್ಕೆ 3 ಮೀ/ಸೆ²ಗಿಂತ ಜಾಸ್ತಿ ವೇಗೋತ್ಕರ್ಷ ಸಿಗುವ ಹಾಗಿಲ್ಲ. ಹಾಗಾಗಿ 5 × 3 = 15 ನ್ಯೂಟನ್‌ವರೆಗೆ ಎರಡೂ ಜೊತೆಯಾಗಿ ಹೋಗುತ್ತವೆ. 25 ನ್ಯೂಟನ್‌ನಿಂದ ಎಳೆದರೆ ಬೇರೆಯಾಗುತ್ತವೆ. ಆಗ ಘರ್ಷಣೆ 0.2 × 10 = 2. ಮೇಲಿನದರ ವೇಗೋತ್ಕರ್ಷ 2, ಕೆಳಗಿನದರದು (25 − 2) ÷ 4 = 5.75 ಮೀ/ಸೆ². ಕೆಳಗಿನದರ ಬದಲು ಮೇಲಿನದನ್ನು ಎಳೆದರೆ ಮಿತಿ ಬರೀ 3.75 ನ್ಯೂಟನ್. ಯಾಕೆ ಅಷ್ಟು ಕಡಿಮೆ ಅಂತ ನೀವೇ ಕಂಡುಹಿಡಿಯಿರಿ. ಈ ಸಲ ಘರ್ಷಣೆಯ ಮೇಲೆ ಸಾಗಬೇಕಾದದ್ದು 4 ಕೆಜಿ, ಅಷ್ಟು ಸುಳಿವು ಸಾಕು.

ಇಳಿಜಾರಿನ ಸೈನ್, ಕಾಸ್‌ಗೆ ಬಾಯಿಪಾಠ ಬೇಡ. ಇಳಿಜಾರನ್ನು ಮನಸ್ಸಿನಲ್ಲೇ ಚಪ್ಪಟೆ ಮಾಡಿ, ಕೋನ ಸೊನ್ನೆ. ಆಗ ತೂಕ ಪೆಟ್ಟಿಗೆಯನ್ನು ಜಾರಿಸುವುದಿಲ್ಲ, ನೇರ ನೆಲಕ್ಕೆ ಒತ್ತುತ್ತದೆ. ಸೊನ್ನೆ ಡಿಗ್ರಿಗೆ ಸೊನ್ನೆಯಾಗುವುದು ಸೈನ್. ಹಾಗಾಗಿ ಜಾರಿಸುವ ಭಾಗ ತೂಕ × ಸೈನ್, ಒತ್ತುವ ಭಾಗ ತೂಕ × ಕಾಸ್. ಕೋನವನ್ನು ನೆಲದಿಂದ ಅಳೆದಿದ್ದರೆ ಮಾತ್ರ ಇದು ಸರಿ. ಲಂಬ ಗೆರೆಯಿಂದ ಅಳೆದ ಕೋನ ಕೊಟ್ಟಿದ್ದರೆ ಅದಲುಬದಲಾಗುತ್ತದೆ, ಆದರೆ ಚಪ್ಪಟೆ ಮಾಡುವ ಉಪಾಯ ಆಗಲೂ ಕೈಕೊಡುವುದಿಲ್ಲ.

ಪೆಟ್ಟಿಗೆ ಇಳಿಜಾರಿನಲ್ಲಿ ನಿಲ್ಲಬೇಕಾದರೆ ತೂಕ × ಸೈನ್ ಅನ್ನುವುದು ಮ್ಯೂ × ತೂಕ × ಕಾಸ್‌ಗಿಂತ ಹೆಚ್ಚಿರಬಾರದು. ತೂಕ ಎರಡೂ ಕಡೆ ಹೊಡೆದುಹೋಗುತ್ತದೆ. ಉಳಿಯುವುದು ಇಷ್ಟೇ: ಕೋನದ ಟ್ಯಾನ್, ಸ್ಥಿರ ಘರ್ಷಣಾಂಕಕ್ಕಿಂತ ಹೆಚ್ಚಿರಬಾರದು. ಇದನ್ನು ಮನೆಯಲ್ಲೇ ಮಾಡಿ ನೋಡಿ. ಗಟ್ಟಿ ರಟ್ಟಿನ ಪುಸ್ತಕದ ಮೇಲೆ ನಾಣ್ಯ ಇಟ್ಟು ಒಂದು ಅಂಚನ್ನು ನಿಧಾನಕ್ಕೆ ಎತ್ತುತ್ತಾ ಹೋಗಿ. ನಾಣ್ಯ ಜಾರಿದ ಕ್ಷಣ ನಿಲ್ಲಿಸಿ, ಅಂಚು ಎಷ್ಟು ಮೇಲೆ ಬಂದಿದೆ ಅಳೆಯಿರಿ. ಅದನ್ನು ಅಡಿಯ ಅಡ್ಡ ಉದ್ದದಿಂದ ಭಾಗಿಸಿದರೆ ಬರುವುದೇ ಸ್ಥಿರ ಘರ್ಷಣಾಂಕ. ಒಂದರ ಮೇಲೊಂದು ಎರಡು ನಾಣ್ಯ ಅಂಟಿಸಿ ನೋಡಿದರೂ ಹೆಚ್ಚುಕಡಿಮೆ ಅದೇ ಕೋನ ಬರುತ್ತದೆ. ಘರ್ಷಣೆ ಒತ್ತುವ ಬಲಕ್ಕೆ ತಕ್ಕಂತೆ ಏರುತ್ತದೆ, ತಾಗಿರುವ ಜಾಗದ ವಿಸ್ತೀರ್ಣ ಲೆಕ್ಕಕ್ಕಿಲ್ಲ ಅಂತ 1699ರಲ್ಲೇ ಫ್ರಾನ್ಸಿನ ಅಮೊಂಟನ್ ಹೇಳಿದ್ದರು. ಲಿಯೊನಾರ್ಡೊ ಡಾ ವಿಂಚಿ ಅದಕ್ಕೂ ಇನ್ನೂರು ವರ್ಷ ಮೊದಲೇ ತನ್ನ ಟಿಪ್ಪಣಿ ಪುಸ್ತಕಗಳಲ್ಲಿ ಇದನ್ನು ಬರೆದಿಟ್ಟಿದ್ದ, ಆದರೆ ಪ್ರಕಟಿಸಲಿಲ್ಲ. ಇವು ಅಳೆದು ಕಂಡುಕೊಂಡ ರೂಢಿಯ ನಿಯಮಗಳು, ನ್ಯೂಟನ್‌ನ ನಿಯಮಗಳಷ್ಟು ಕಟ್ಟುನಿಟ್ಟಲ್ಲ. ನಿಮ್ಮ ನಾಣ್ಯ ಒಮ್ಮೆ 20 ಡಿಗ್ರಿಗೆ, ಇನ್ನೊಮ್ಮೆ 23ಕ್ಕೆ ಜಾರಿದರೆ ಗಾಬರಿಯಾಗಬೇಡಿ.

ಇಳಿಜಾರಿನ ಲೆಕ್ಕಗಳಲ್ಲಿ ನನಗೆ ಇಷ್ಟವಾದದ್ದು ಮೇಲಕ್ಕೆ ತಳ್ಳಿಬಿಡುವ ಲೆಕ್ಕ. 30 ಡಿಗ್ರಿ ಇಳಿಜಾರು, ಘರ್ಷಣಾಂಕಗಳು ನಿಮ್ಮ ಪೆಟ್ಟಿಗೆಯವೇ. ಕೆಳಗಿನಿಂದ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಮೇಲಕ್ಕೆ ತಳ್ಳಿಬಿಟ್ಟರೆ ಎಷ್ಟು ದೂರ ಹೋಗುತ್ತದೆ, ಎಷ್ಟು ವೇಗದಲ್ಲಿ ಹಿಂದಿರುಗುತ್ತದೆ? ಇದನ್ನು ಒಂದೇ ಸಮೀಕರಣದಲ್ಲಿ ಮುಗಿಸಲು ಹೋದವರು ಕೆಡುತ್ತಾರೆ. ಮೇಲೇರುವಾಗ ಘರ್ಷಣೆ ಕೆಳಮುಖ, ತೂಕವೂ ಕೆಳಕ್ಕೆ ಎಳೆಯುತ್ತದೆ. ಎರಡೂ ಕೂಡಿ ವೇಗ ತಗ್ಗಿಸುತ್ತವೆ: 10 × (0.5 + 0.4 × 0.866), ಸುಮಾರು 8.46 ಮೀ/ಸೆ². ಹೋಗುವ ದೂರ 36 ÷ (2 × 8.46), ಸುಮಾರು 2.13 ಮೀಟರ್. ತಗಲುವ ಸಮಯ 0.71 ಸೆಕೆಂಡ್.

ತುದಿಯಲ್ಲಿ ಪೆಟ್ಟಿಗೆ ಒಂದು ಕ್ಷಣ ನಿಂತಿತು. ನೀವೂ ಅಲ್ಲೇ ನಿಲ್ಲಿ. ಇದು ಹಿಂದಿರುಗುತ್ತದಾ ಅಂತ ಕೇಳಿಕೊಳ್ಳಿ. 30 ಡಿಗ್ರಿಯ ಟ್ಯಾನ್ 0.577, ಸ್ಥಿರ ಘರ್ಷಣಾಂಕ 0.5. ಹಿಡಿತ ಸಾಲದು, ಜಾರುತ್ತದೆ. ಸ್ಥಿರ ಘರ್ಷಣಾಂಕ 0.7 ಆಗಿದ್ದರೆ ಅಲ್ಲೇ ಕೂತುಬಿಡುತ್ತಿತ್ತು, ‘ಹಿಂದಿರುಗುವ ವೇಗ’ ಅನ್ನುವ ಪ್ರಶ್ನೆಗೆ ಅರ್ಥವೇ ಇರುತ್ತಿರಲಿಲ್ಲ. ಇಳಿಯುವಾಗ ಘರ್ಷಣೆ ದಿಕ್ಕು ಬದಲಿಸಿ ಮೇಲ್ಮುಖವಾಗುತ್ತದೆ: 10 × (0.5 − 0.346), ಸುಮಾರು 1.54 ಮೀ/ಸೆ². ಬುಡಕ್ಕೆ ಬರುವಾಗ ವೇಗ ಸೆಕೆಂಡಿಗೆ ಸುಮಾರು 2.56 ಮೀಟರ್, ತಗಲುವ ಸಮಯ 1.66 ಸೆಕೆಂಡ್. ಏರುವುದಕ್ಕಿಂತ ಇಳಿಯುವುದಕ್ಕೇ ಎರಡು ಪಟ್ಟಿಗಿಂತ ಹೆಚ್ಚು ಹೊತ್ತು. ಮೊದಲ ಸಲ ನೋಡಿದವರು ಇದು ತಪ್ಪಿರಬೇಕು ಅನ್ನುತ್ತಾರೆ. ಶಕ್ತಿಯ ಲೆಕ್ಕದಿಂದ ತಾಳೆ ನೋಡಿ: ಕೆಜಿಗೆ 18 ಜೂಲ್ ಇಟ್ಟುಕೊಂಡು ಹೊರಟದ್ದು, ಹೋಗಿ ಬರುವ ದಾರಿಯಲ್ಲಿ ಘರ್ಷಣೆಗೆ ಸುಮಾರು 14.7 ತೆತ್ತಿತು, ಉಳಿದದ್ದು 3.3. 2.56 ಮೀಟರ್ ವೇಗಕ್ಕೆ ಸಲ್ಲುವುದೂ ಅಷ್ಟೇ.

ನಿಮ್ಮ −1ರ ತಮ್ಮನೊಬ್ಬ ಇದ್ದಾನೆ, ಅವನನ್ನೂ ಪರಿಚಯ ಮಾಡಿಕೊಡುತ್ತೇನೆ. ಸಪಾಟು ನೆಲದ ಮೇಲೆ ಪೆಟ್ಟಿಗೆ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಜಾರುತ್ತಿದೆ. ಚಲನ ಘರ್ಷಣಾಂಕ 0.4. 3 ಸೆಕೆಂಡಿನಲ್ಲಿ ಎಷ್ಟು ದೂರ ಹೋಗುತ್ತದೆ? ವೇಗೋತ್ಕರ್ಷ −4 ಅಂತ ಸೂತ್ರಕ್ಕೆ ಹಾಕಿದರೆ 12 − 18 = −6 ಮೀಟರ್. ವಿದ್ಯಾರ್ಥಿಯಾಗಿದ್ದಾಗ ಒಂದು ಪರೀಕ್ಷೆಯಲ್ಲಿ ನಾನು ಇಂಥದ್ದೇ ಉತ್ತರ ಬರೆದು, ಕೆಳಗೆ ಎರಡು ಗೆರೆಯನ್ನೂ ಎಳೆದು ಬಂದಿದ್ದೆ. ಪೆಟ್ಟಿಗೆ 1 ಸೆಕೆಂಡಿಗೇ, 2 ಮೀಟರ್ ಜಾರಿ, ನಿಂತುಬಿಟ್ಟಿರುತ್ತದೆ. ನಿಂತ ಮೇಲೆ ಎಳೆಯುವವರಿಲ್ಲ, ಆದ್ದರಿಂದ ಘರ್ಷಣೆಯೂ ಇಲ್ಲ. ಉಳಿದ 2 ಸೆಕೆಂಡ್ ಅದು ಸುಮ್ನೆ ಕೂತಿರುತ್ತದೆ. ಉತ್ತರ 2 ಮೀಟರ್. ಘರ್ಷಣೆ ಇರುವ ಲೆಕ್ಕದಲ್ಲಿ ಸಮಯ ಕೊಟ್ಟಿದ್ದರೆ ‘ಅಷ್ಟು ಹೊತ್ತು ಇದು ಚಲಿಸುತ್ತಲೇ ಇರುತ್ತದಾ?’ ಅಂತ ಮೊದಲು ನೋಡಿ.

ರಾಟೆಯ ಲೆಕ್ಕಗಳನ್ನು ನೀವು ಕೇಳಿಲ್ಲ, ಆದರೆ ಮುಂದಿನ ಪುಟದಲ್ಲೇ ಬರುತ್ತವೆ. ನಿಮ್ಮ 10 ಕೆಜಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ, ಇನ್ನೊಂದು ತುದಿಗೆ 4 ಕೆಜಿ ತೂಗುಹಾಕಿದರೆ? ಬೇಕಾದದ್ದು 40, ಮಿತಿ 50. ಅಲುಗುವುದಿಲ್ಲ, ಹಗ್ಗದ ಎಳೆತವೂ 40. 6 ಕೆಜಿ ತೂಗುಹಾಕಿದರೆ ಬೇಕಾದದ್ದು 60, ಹಿಡಿತ ತಪ್ಪಿತು. ವೇಗೋತ್ಕರ್ಷ (60 − 40) ÷ 16 = 1.25 ಮೀ/ಸೆ². ಹಗ್ಗದ ಎಳೆತ ಈಗ 60 ಅಲ್ಲ, 52.5. ಇಳಿಯುತ್ತಿರುವ ತೂಕ ತನ್ನ ಪಾಲಿನ ವೇಗೋತ್ಕರ್ಷಕ್ಕೆ ಸ್ವಲ್ಪ ಇಟ್ಟುಕೊಂಡೇ ಉಳಿದದ್ದನ್ನು ಹಗ್ಗಕ್ಕೆ ಕೊಡುತ್ತದೆ.

ಎಲ್ಲದಕ್ಕೂ ಮೊದಲು ಚಿತ್ರ ಬರೆಯಬೇಕು ಅಂತ ನಿಮಗೆ ಹತ್ತು ಸಲ ಹೇಳಿರುತ್ತಾರೆ. ನಾನು ಒಂದೇ ಮಾತು ಸೇರಿಸುತ್ತೇನೆ. ಚಿತ್ರದಲ್ಲಿ ಪ್ರತಿ ಬಾಣದ ಪಕ್ಕ ಆ ಬಲವನ್ನು ಕೊಡುತ್ತಿರುವವರು ಯಾರು ಅಂತ ಬರೆಯಿರಿ: ಭೂಮಿ, ನೆಲ, ಹಗ್ಗ, ಕೈ. ಮೇಲಕ್ಕೆ ತಳ್ಳಿಬಿಟ್ಟ ಪೆಟ್ಟಿಗೆಗೆ ‘ಚಲನೆಯ ಬಲ’ ಅಂತ ಮೇಲ್ಮುಖ ಬಾಣ ಎಳೆಯುವವರು ಬಹಳ. ಅದನ್ನು ಕೊಡುತ್ತಿರುವವರು ಯಾರು ಅಂತ ಬರೆಯಲು ಹೋದರೆ ಹೆಸರು ಸಿಗುವುದಿಲ್ಲ. ತಳ್ಳಿದ ಕೈ ಆಗಲೇ ಹಿಂದೆ ಸರಿದಿದೆ. ಹೆಸರಿಲ್ಲದ ಬಾಣವನ್ನು ಅಳಿಸಿ.

ಕೊನೆಗೆ ನಿಮ್ಮ ಸಣ್ಣ ಅನುಮಾನ. ಘರ್ಷಣಾಂಕ 1ಕ್ಕಿಂತ ಜಾಸ್ತಿ ಇರಬಹುದು, ಧಾರಾಳವಾಗಿ. ಅದು ಶೇಕಡಾವಾರು ಲೆಕ್ಕವಲ್ಲ, ಎರಡು ಬಲಗಳ ಅನುಪಾತ ಮಾತ್ರ. ಉಕ್ಕಿನ ಮೇಲೆ ಟೆಫ್ಲಾನ್ ಸುಮಾರು 0.04. ಒಣ ಕಾಂಕ್ರೀಟ್ ಮೇಲೆ ರಬ್ಬರ್ 1ರ ಆಸುಪಾಸು. ರೇಸ್ ಕಾರುಗಳ ಮೆತ್ತನೆಯ ಟೈರುಗಳು ಬಿಸಿಯಾದಾಗ 1ನ್ನೂ ದಾಟುತ್ತವೆ. 1 ಅಂದರೆ ಟ್ಯಾನ್ 45 ಡಿಗ್ರಿ ಅಲ್ವಾ? ಹಾಗಾಗಿ ಘರ್ಷಣಾಂಕ 1ಕ್ಕಿಂತ ಜಾಸ್ತಿ ಇರುವ ವಸ್ತುವನ್ನು 45 ಡಿಗ್ರಿ ಇಳಿಜಾರಿನಲ್ಲಿ ಇಟ್ಟರೂ ಜಾರುವುದಿಲ್ಲ. ನಾಣ್ಯ ಜಾರಿಸಿ ನೋಡಿದ ಪುಸ್ತಕದ ಮೇಲೆಯೇ ಈ ಸಲ ಒಂದು ರಬ್ಬರ್ ತುಂಡಿಟ್ಟು ಎತ್ತಿ ನೋಡಿ. ಅದು ಜಾರುವ ಬದಲು ಉರುಳಿಬಿಟ್ಟರೆ ಎತ್ತರ ಕಡಿಮೆ ಇರುವ, ಅಗಲವಾದ ತುಂಡು ಹುಡುಕಿಕೊಳ್ಳಿ.